ಒಗ್ಗದ ಮನೆಗೆ ಒಗ್ಗುವ ಪ್ರಾಣಿ

ಮನುಷ್ಯನು ಪ್ರಾಣಿಗಳನ್ನು ಸಾಕುವುದು ಪ್ರಯೋಜನಕ್ಕಾಗಿ ಎಂದು ಅರ್ಥಶಾಸ್ತ್ರದ ತರಗತಿಯಲ್ಲಿ ಕೇಳಿದ್ದೇವೆ. ಹಸು ಹಾಲು ಕೊಡುತ್ತದೆ, ಎತ್ತು ಉಳುತ್ತದೆ, ನಾಯಿ ಮನೆ ಕಾಯುತ್ತದೆ, ಬೆಕ್ಕು ಇಲಿ ಹಿಡಿಯುತ್ತದೆ. ಆದರೆ ತನ್ನ ಆಯುಷ್ಯದಲ್ಲಿ ಒಂದು ಇಲಿಯನ್ನೂ ಹಿಡಿಯದ ಬೆಕ್ಕಿಗೆ ತನ್ನ ತಟ್ಟೆಯಿಂದಲೇ ಹಾಲನ್ನ ತೆಗೆದಿಡುವ ಅಜ್ಜಿಯನ್ನು ಕಂಡವರಿಗೆ ಈ ಲೆಕ್ಕ ಪೂರ್ತಿಯಲ್ಲವೆಂದು ತಿಳಿಯುತ್ತದೆ. ಮಾತನಾಡದ ಒಂದು ಜೀವ ಮನೆಯಲ್ಲಿದ್ದರೆ ಮಾತನಾಡುವ ಜೀವಗಳಿಗೆ ಅದೇ ಒಂದು ಸಮಾಧಾನ. ಆ ಜೀವವೇ ಮನೆಯವರೊಬ್ಬರ ಉಸಿರಿಗೆ ಒಗ್ಗದೆ ಹೋದಾಗ ಏನು ಮಾಡಬೇಕು? ಪ್ರಾಣಿಯನ್ನು ಬಿಡುವುದೆ? ಪ್ರಾಣಿಯ ಆಸೆಯನ್ನೇ ಬಿಡುವುದೆ? ಅಥವಾ ಒಗ್ಗುವಂಥ ಬೇರೊಂದನ್ನು ಹುಡುಕುವುದೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಸುತ್ತಬೇಕಾಯಿತು. ಆ ಸುತ್ತಾಟದಲ್ಲಿ ಕಲಿತದ್ದನ್ನು ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ನಾನು ವೈದ್ಯನಲ್ಲ, ವಿಜ್ಞಾನದ ವಿದ್ಯಾರ್ಥಿಯೂ ಅಲ್ಲ. ಕೇಳಿ, ಓದಿ, ಅದಕ್ಕಿಂತ ಹೆಚ್ಚಾಗಿ ತಪ್ಪು ಮಾಡಿ ತಿಳಿದುಕೊಂಡವನು.

ನಮ್ಮ ಮನೆ ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಅಜ್ಜಿ, ಅಪ್ಪ, ಅವ್ವ, ನಾನು, ಹತ್ತು ವರ್ಷದ ತಂಗಿ, ಮತ್ತು ಅಜ್ಜಿಯ ಕೆಂಬಣ್ಣದ ಬೆಕ್ಕು ಕೆಂಚಿ. ತಂಗಿಗೆ ಆರು ವರ್ಷವಾದಾಗಿನಿಂದ ಬೆಳಗಿನ ಹೊತ್ತು ಸಾಲುಸಾಲಾಗಿ ಸೀನು, ಕಣ್ಣುರಿ, ಮೂಗು ಸೋರುವುದು. ‘ಶೀತದ ಮೈ’ ಎಂದು ಎಲ್ಲರೂ ಸುಮ್ಮನಾದೆವು. ಎರಡು ವರ್ಷಗಳ ಹಿಂದೆ ಅದು ಎದೆಗೆ ಇಳಿಯಿತು. ರಾತ್ರಿ ಮಲಗಿದರೆ ಅವಳ ಎದೆಯಿಂದ ಸುಯ್ ಸುಯ್ ಎಂಬ ಸದ್ದು. ಕೆಂಚಿ ಮಲಗುತ್ತಿದ್ದುದು ಅವಳ ಕೌದಿಯ ಕಾಲುತುದಿಯಲ್ಲಿಯೇ. ಪಟ್ಟಣದ ವೈದ್ಯರು ಎಲ್ಲವನ್ನೂ ಕೇಳಿ, “ಮೊದಲು ಬೆಕ್ಕನ್ನು ಬೇರೆ ಕಡೆ ಬಿಡಿ” ಎಂದರು. ನಾನೇ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿ ಪಾಂಡವಪುರದಲ್ಲಿರುವ ಸೋದರತ್ತೆಯ ಮನೆಗೆ ಬಿಟ್ಟು ಬಂದೆ. ಆ ದಿನ ಅಜ್ಜಿ ಊಟ ಮಾಡಲಿಲ್ಲ.

ಹದಿನೈದು ದಿನ ಕಳೆದರೂ ತಂಗಿಯ ಸೀನು ನಿಲ್ಲಲಿಲ್ಲ. ಅಜ್ಜಿ ಗೆದ್ದವಳಂತೆ, “ಲೋ ಮಗ, ಬೆಕ್ಕ ಕಳ್ಸಿ ಹದಿನೈದು ದಿಸ ಆಯ್ತು. ಕೂಸ್ಗೆ ಗುಣ ಆಯ್ತಾ? ಮೂಕಪ್ರಾಣಿ ಮ್ಯಾಲೆ ತಪ್ಪು ಹೊರ್ಸಿದ್ರಿ” ಎಂದಳು. ಅವಳ ತರ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೆಂಚಿ ಮತ್ತೆ ಅದೇ ಬುಟ್ಟಿಯಲ್ಲಿ ಮನೆಗೆ ಬಂದಿತು. ತಂಗಿ ಅದನ್ನು ಎದೆಗವಚಿಕೊಂಡು ಕುಣಿದಳು. ಮಾರನೆಯ ರಾತ್ರಿ ಎರಡು ಗಂಟೆಗೆ ಅವಳ ತುಟಿ ನೀಲಿಯಾಗುತ್ತಿತ್ತು. ಆಟೋದಲ್ಲಿ ಅವಳನ್ನು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋದ ಆ ದಾರಿಯನ್ನು ನಾನು ಮರೆಯಲಾರೆ. ಔಷಧದ ಹಬೆ ಹಿಡಿಸಿದ ಮೇಲೆ ಬೆಳಗಿನ ಜಾವಕ್ಕೆ ಉಸಿರು ಸಡಿಲವಾಯಿತು. ಅಜ್ಜಿ ಮೂಲೆಯ ಬೆಂಚಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದಳು. ಯಾರೂ ಅವಳನ್ನು ಬೈಯಲಿಲ್ಲ. ತಪ್ಪು ಅವಳೊಬ್ಬಳದಲ್ಲ. ಕಾಲೇಜು ಓದುವ ನಾನೂ ಒಪ್ಪಿ ತಂದವನೇ.

ಹಾಗಾದರೆ ಬೆಕ್ಕು ಇಲ್ಲದ ಹದಿನೈದು ದಿನಗಳಲ್ಲಿ ಏಕೆ ಗುಣವಾಗಲಿಲ್ಲ? ಇದನ್ನು ತಿಳಿಯಬೇಕಾದರೆ ಅಲರ್ಜಿ ಎಂದರೇನೆಂಬುದನ್ನು ಸ್ವಲ್ಪ ನೋಡಬೇಕು. ಈ ಪದವನ್ನು 1906ರಲ್ಲಿ ಹುಟ್ಟಿಸಿದವನು ವಿಯೆನ್ನಾ ನಗರದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ನಮ್ಮ ಹಳ್ಳಿಯ ಮಾತಿನಲ್ಲಿ ‘ಒಗ್ಗುವುದಿಲ್ಲ’ ಎನ್ನುವುದು ಅದಕ್ಕೆ ಬಲು ಹತ್ತಿರದ ಮಾತು. ನಮ್ಮ ದೇಹದಲ್ಲಿ ರೋಗಾಣುಗಳನ್ನು ತಡೆಯುವ ಕಾವಲು ವ್ಯವಸ್ಥೆಯೊಂದಿದೆ. ಕೆಲವರಲ್ಲಿ ಈ ಕಾವಲುಗಾರನು ನಿರಪಾಯವಾದ ವಸ್ತುವನ್ನೂ ಶತ್ರುವೆಂದು ತಪ್ಪು ತಿಳಿಯುತ್ತಾನೆ. ಊರಿಗೆ ಬಂದ ನೆಂಟನನ್ನು ಕಳ್ಳನೆಂದು ಭಾವಿಸಿ ನಡುರಾತ್ರಿಯಲ್ಲಿ ಊರನ್ನೆಲ್ಲ ಎಬ್ಬಿಸಿದಂತೆ! ಈ ತಪ್ಪು ಗುರುತಿಗೆ ಕಾರಣವಾದ ‘ಇಮ್ಯುನೊಗ್ಲಾಬ್ಯುಲಿನ್ ಇ’ ಎಂಬ ಪ್ರತಿಕಾಯವನ್ನು 1966-67ರಲ್ಲಿ ಅಮೆರಿಕದಲ್ಲಿದ್ದ ಜಪಾನಿನ ಇಶಿಜಾಕಾ ದಂಪತಿಗಳೂ ಸ್ವೀಡನ್ನಿನ ಯೋಹಾನ್‌ಸನ್ ಮತ್ತು ಬೆನಿಕ್ ಎಂಬುವರೂ ಬೇರೆಬೇರೆಯಾಗಿ ಕಂಡುಹಿಡಿದರು. ಒಗ್ಗದ ವಸ್ತು ಒಳಹೊಕ್ಕೊಡನೆ ಕೆಲವು ಜೀವಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಸುರಿಸುತ್ತವೆ. ಮೂಗಿನಲ್ಲಾದರೆ ಸೀನು, ಕಣ್ಣಿನಲ್ಲಾದರೆ ನವೆ, ಶ್ವಾಸನಾಳದಲ್ಲಾದರೆ ನಾಳ ಬಿಗಿದು ಲೋಳೆ ತುಂಬಿ ಉಬ್ಬಸ. ಮಗುವಿನ ಪ್ರಾಣಕ್ಕೆ ಸಂಚಕಾರ ತರುವುದು ಈ ಕೊನೆಯದು.

ಬೆಕ್ಕಿನ ವಿಷಯದಲ್ಲಿ ಎಲ್ಲರೂ ಕೂದಲನ್ನು ದೂರುತ್ತಾರೆ. ನಿಜವಾದ ಅಪರಾಧಿ ಕೂದಲಲ್ಲ. ಬೆಕ್ಕಿನ ಜೊಲ್ಲಿನಲ್ಲಿಯೂ ಚರ್ಮದ ಜಿಡ್ಡಿನ ಗ್ರಂಥಿಗಳಲ್ಲಿಯೂ ಹುಟ್ಟುವ ಒಂದು ಪ್ರೋಟೀನು. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುವ ಪ್ರಾಣಿ. ಜೊಲ್ಲು ಒಣಗಿ, ಚರ್ಮದ ಹೊಟ್ಟಿನೊಡನೆ ಸೇರಿ, ಕಣ್ಣಿಗೆ ಕಾಣದ ಪುಡಿಯಾಗುತ್ತದೆ. ಈ ಪುಡಿ ಬಹಳ ಹಗುರ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಗೋಡೆ, ಕಂಬಳಿ, ಹಾಸಿಗೆ, ಬಟ್ಟೆ ಎಲ್ಲಕ್ಕೂ ಅಂಟುತ್ತದೆ. ಬೆಕ್ಕು ಮನೆ ಬಿಟ್ಟ ಮೇಲೂ ನಾಲ್ಕಾರು ತಿಂಗಳು ಅದರ ಅಂಶ ಮನೆಯಲ್ಲಿ ಉಳಿದಿರಬಲ್ಲದು. ಬೆಕ್ಕನ್ನೇ ಸಾಕದ ಶಾಲೆಯ ಕೊಠಡಿಗಳಲ್ಲಿಯೂ ಮಕ್ಕಳ ಬಟ್ಟೆಯ ಮೂಲಕ ಬಂದ ಇದನ್ನು ಸಂಶೋಧಕರು ಕಂಡಿದ್ದಾರೆ. ನಾವು ಹದಿನೈದೇ ದಿನಕ್ಕೆ ತೀರ್ಪು ಹೇಳಿದ್ದು ಇಲ್ಲಿ. ಬೆಕ್ಕು ಪಾಂಡವಪುರಕ್ಕೆ ಹೋಗಿದ್ದರೂ ಅದರ ಪುಡಿ ನಮ್ಮ ಕೌದಿಗಳಲ್ಲಿಯೇ ಇತ್ತು.

‘ಬೆಕ್ಕು ಬೇಡ, ಕೂದಲು ಚಿಕ್ಕದಾದ ನಾಯಿ ತನ್ನಿ, ನಮ್ಮ ಮುಧೋಳ ನಾಯಿಯೇ ಇದೆಯಲ್ಲ’ ಎಂದು ಸಲಹೆ ಕೊಟ್ಟವರಿದ್ದಾರೆ. ಮುಧೋಳದ ನಾಯಿ ನಮ್ಮ ನಾಡಿಗೆ ಕೀರ್ತಿ ತಂದ ತಳಿಯೆಂಬುದರಲ್ಲಿ ಸಂಶಯವಿಲ್ಲ. 2005ರಲ್ಲಿ ಭಾರತದ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಆದರೆ ನಾಯಿಯ ಅಲರ್ಜಿಗೂ ಕೂದಲಿನ ಉದ್ದಕ್ಕೂ ನಂಟಿಲ್ಲ. ಅಲ್ಲಿಯೂ ಕಾರಣ ಜೊಲ್ಲು, ಚರ್ಮದ ಹೊಟ್ಟು, ಮೂತ್ರಗಳಲ್ಲಿರುವ ಪ್ರೋಟೀನುಗಳು. ಪಾಶ್ಚಾತ್ಯ ದೇಶಗಳಲ್ಲಿ ‘ಅಲರ್ಜಿ ತರದ ತಳಿ’ ಎಂದು ಹೆಚ್ಚು ಹಣಕ್ಕೆ ನಾಯಿಗಳನ್ನು ಮಾರುತ್ತಾರೆ. 2011 ಮತ್ತು 2012ರಲ್ಲಿ ಅಮೆರಿಕ ಮತ್ತು ಹಾಲೆಂಡಿನ ಸಂಶೋಧಕರು ಅಂಥ ನಾಯಿಗಳಿರುವ ಮನೆಗಳನ್ನೂ ಸಾಮಾನ್ಯ ನಾಯಿಗಳಿರುವ ಮನೆಗಳನ್ನೂ ಪರೀಕ್ಷಿಸಿದಾಗ, ಗಾಳಿ-ಧೂಳುಗಳಲ್ಲಿನ ಅಂಶ ಮೊದಲನೆಯ ಮನೆಗಳಲ್ಲಿ ಕಡಿಮೆಯಿರಲಿಲ್ಲ. ಮೊಲ, ಗಿನಿಹಂದಿ ಮುಂತಾದ ಮೆತ್ತನೆಯ ಮೈಯ ಪ್ರಾಣಿಗಳದ್ದೂ ಇದೇ ಕಥೆ. ಜೊತೆಗೆ ಅವುಗಳಿಗೆ ಹಾಕುವ ಒಣಹುಲ್ಲಿನ ಧೂಳು ಬೇರೆ.

ಮೈಸೂರಿನಲ್ಲಿ ವೈದ್ಯರು ತಂಗಿಯ ಮುಂಗೈಯ ಮೇಲೆ ಸೂಜಿಮೊನೆಯಿಂದ ಚುಚ್ಚಿ ಪರೀಕ್ಷೆ ಮಾಡಿದರು. ಒಂದೊಂದು ವಸ್ತುವಿನ ಸಾರವನ್ನು ಒಂದೊಂದು ತೊಟ್ಟು ಹಾಕಿ ಚುಚ್ಚುವುದು. ಒಗ್ಗದ ವಸ್ತುವಿದ್ದ ಕಡೆ ಇಪ್ಪತ್ತು ನಿಮಿಷದೊಳಗೆ ಸೊಳ್ಳೆ ಕಚ್ಚಿದಂತೆ ದದ್ದು ಏಳುತ್ತದೆ. ಎರಡು ಕಡೆ ದದ್ದು ಎದ್ದಿತು. ಒಂದು ಬೆಕ್ಕು. ಇನ್ನೊಂದು ನಾವು ಹೆಸರೇ ಕೇಳದಿದ್ದ ಧೂಳಿನ ನುಸಿ. ಹಾಸಿಗೆ, ದಿಂಬು, ಕೌದಿಗಳಲ್ಲಿ ಮನುಷ್ಯನ ಚರ್ಮದ ಹೊಟ್ಟನ್ನು ತಿಂದು ಬದುಕುವ, ಬರಿಗಣ್ಣಿಗೆ ಕಾಣದ ಜೀವಿ ಇದು. ಮನೆಯ ಧೂಳಿನ ಅಲರ್ಜಿಗೆ ಈ ನುಸಿಯೇ ಮುಖ್ಯ ಕಾರಣವೆಂದು 1964ರ ಸುಮಾರಿಗೆ ಹಾಲೆಂಡಿನ ವಿಜ್ಞಾನಿಗಳು ತೋರಿಸಿಕೊಟ್ಟರು. ನಾವು ಸಾಕದೆಯೇ ನಮ್ಮ ಮನೆಯಲ್ಲಿ ಸಾಕಣೆಯಾಗುತ್ತಿದ್ದ ಪ್ರಾಣಿ! ಹೊದಿಕೆಗಳನ್ನು ವಾರಕ್ಕೊಮ್ಮೆ ಕುದಿಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕೆಂದು ಅಪ್ಪಣೆಯಾಯಿತು.

ವೈದ್ಯರು ಮುಂದೆ ಕೇಳಿದ ಪ್ರಶ್ನೆ ನಮ್ಮನ್ನು ಇನ್ನಷ್ಟು ಬೆಚ್ಚಿಸಿತು. “ಮನೆಯಲ್ಲಿ ರೇಷ್ಮೆಹುಳು ಮೇಯಿಸುತ್ತೀರಾ?” ಮೇಯಿಸುತ್ತೇವೆ. ನಡುಮನೆಯ ಪಕ್ಕದ ಕೋಣೆಯಲ್ಲೇ ತಟ್ಟೆಗಳು. ನೂರು ಮೊಟ್ಟೆ ತಂದರೆ ನಲವತ್ತು ಐವತ್ತು ಸಾವಿರ ಹುಳುಗಳು. ನಾಲ್ಕು ಜ್ವರ ಕಳೆದು ಹಣ್ಣಾಗಿ ಚಂದ್ರಿಕೆ ಹತ್ತುವವರೆಗೆ, ಹೆಚ್ಚುಕಡಮೆ ಇಪ್ಪತ್ತೈದು ದಿನ, ಆ ಹುಳುಗಳು ನಮ್ಮೊಡನೆಯೇ ಉಸಿರಾಡುತ್ತವೆ. ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆಗಳ ಕೆಲಸಗಾರರಲ್ಲಿ ಉಬ್ಬಸ ಕಾಣಿಸಿಕೊಳ್ಳುವುದನ್ನು ಬೆಂಗಳೂರಿನ ಸಂಶೋಧಕರು 1985ರಷ್ಟು ಹಿಂದೆಯೇ ಪ್ರಕಟಿಸಿದ್ದಾರೆ. ತಂಗಿಗೆ ಹುಳುವಿನಿಂದಲೇ ತೊಂದರೆಯೆಂದು ವೈದ್ಯರು ಹೇಳಲಿಲ್ಲ. ಆದರೆ ಉಬ್ಬಸದ ಮಗು ಮಲಗುವ ಮನೆಯಲ್ಲಿ ಹುಳುವಿನ ಹಿಕ್ಕೆ, ಗೂಡಿನ ಧೂಳು, ಸೋಂಕು ತೊಳೆಯುವ ಔಷಧದ ಘಾಟು ಇರಬಾರದೆಂದರು. ಅಪ್ಪ ಸಾಲ ಮಾಡಿ ಹಿತ್ತಿಲಾಚೆ ಬೇರೆ ಹುಳುಮನೆ ಕಟ್ಟಿಸಿದರು. ಇಲ್ಲಿ ಒಂದು ಮಾತು ಹೇಳುವುದು ಅಗತ್ಯ. ನಮ್ಮ ಸೀಮೆಯಲ್ಲಿ ಆಲೆಮನೆಯ ಹೊಗೆಯಿದೆ, ಕಟಾವಿನ ನಂತರ ಕಬ್ಬಿನ ತರಗು ಸುಡುವ ಹೊಗೆಯಿದೆ, ಬಸ್ ನಿಲ್ದಾಣದಿಂದ ಶಾಲೆಯ ಬೇಲಿಯವರೆಗೆ ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ ಇದೆ. ಇದು 1950ರ ದಶಕದಲ್ಲಿ ಪುಣೆಯ ಕಡೆ ಮೊದಲು ಕಣ್ಣಿಗೆ ಬಿದ್ದು ದೇಶವನ್ನೆಲ್ಲ ವ್ಯಾಪಿಸಿದ ಗಿಡ. ಇದರ ಪರಾಗವೂ ಅಲರ್ಜಿ ತರುತ್ತದೆ. ಆದುದರಿಂದ ಒಗ್ಗದ್ದು ಯಾವುದೆಂದು ಪರೀಕ್ಷೆಯಿಂದ ತಿಳಿಯದೆ ಪ್ರಾಣಿಯನ್ನು ಓಡಿಸುವುದೂ ತಪ್ಪು, ತಿಳಿದ ಮೇಲೆ ಇಟ್ಟುಕೊಳ್ಳುವುದೂ ತಪ್ಪು.

ಕೆಂಚಿ ಎರಡನೆಯ ಸಲ ಪಾಂಡವಪುರಕ್ಕೆ ಹೋಯಿತು. ಕೆಲವು ತಿಂಗಳಲ್ಲಿ ತಂಗಿಯ ರಾತ್ರಿಗಳು ಸುಧಾರಿಸಿದವು. ಆದರೆ ಅವಳ ಮಾತು ಕಡಿಮೆಯಾಯಿತು. ಒಂದು ದಿನ ಜಗಲಿಯಲ್ಲಿ ಕುಳಿತು, “ಅಣ್ಣ, ಕೆಂಚಿ ಹೋಗಿದ್ದು ನನ್ನಿಂದ್ಲೇ ಅಲ್ವಾ? ಅಜ್ಜಿ ಅದಕ್ಕೇ ನನ್ ಹತ್ರ ಮಾತಾಡಲ್ವಾ?” ಎಂದು ಕೇಳಿದಳು. ಅಜ್ಜಿ ಮಾತನಾಡದಿದ್ದುದು ನಾಚಿಕೆಯಿಂದ. ಮಗುವಿಗೆ ಅದು ಹೇಗೆ ತಿಳಿಯಬೇಕು? ಒಂದು ಪ್ರಾಣಿ ಹೋದ ಜಾಗದಲ್ಲಿ ಇಬ್ಬರು ಮನುಷ್ಯರು ಮೂಕರಾಗಿದ್ದರು. ಮನೆಗೆ ಇನ್ನೊಂದು ಜೀವ ಬೇಕು, ಆದರೆ ಅದು ತಂಗಿಯ ಉಸಿರಿಗೆ ಒಗ್ಗಬೇಕು ಎಂದು ಅಂದು ನಿಶ್ಚಯಿಸಿದೆ.

ಮೊದಲು ಹೋದದ್ದು ಪಾಂಡವಪುರಕ್ಕೆ. ಅತ್ತೆಯ ಮನೆಯ ಮಾಳಿಗೆಯಲ್ಲಿ ಪಾರಿವಾಳದ ಗೂಡುಗಳಿವೆ. “ಒಂದು ಜೋಡಿ ತಗೊಂಡೋಗು ಮಗ, ಕೂಸು ಕಾಳು ಹಾಕ್ಕೊಂಡು ಆಡ್ಕೊಳ್ಳಲಿ” ಎಂದಳು ಅತ್ತೆ. ಕೂದಲಿಲ್ಲದ ಪ್ರಾಣಿಯಲ್ಲವೆ ಎಂದು ನನಗೂ ಆಸೆಯಾಯಿತು. ಓದಿ ನೋಡಿದಾಗ ಪುಕ್ಕವು ಕೂದಲಿಗಿಂತ ಸಾಧುವಲ್ಲವೆಂದು ತಿಳಿಯಿತು. ಪಾರಿವಾಳದ ರೆಕ್ಕೆಯಿಂದ ಬಿಳಿಯ ನಯವಾದ ಪುಡಿ ಉದುರುತ್ತದೆ. ಒಣಗಿದ ಹಿಕ್ಕೆಯೂ ಧೂಳಾಗಿ ಏಳುತ್ತದೆ. ಇವುಗಳನ್ನು ಬಹುಕಾಲ ಉಸಿರಾಡಿದವರಲ್ಲಿ ಕೆಲವರಿಗೆ ಶ್ವಾಸಕೋಶವೇ ಉರಿಗೊಂಡು ಗಟ್ಟಿಯಾಗುವ ರೋಗವನ್ನು 1960ರ ದಶಕದಲ್ಲಿ ವೈದ್ಯರು ವರ್ಣಿಸಿ ‘ಹಕ್ಕಿ ಸಾಕುವವರ ಶ್ವಾಸಕೋಶ’ ಎಂದೇ ಹೆಸರಿಟ್ಟರು. ಸೀನು ಬರುವ ಅಲರ್ಜಿಗಿಂತ ಇದು ಬೇರೆ ಜಾತಿಯದು, ಹೆಚ್ಚು ಅಪಾಯದ್ದು. ಇನ್ನು ಗಿಳಿ? ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಜಾತ್ರೆಗಳಲ್ಲಿ ಪಂಜರದ ಗಿಳಿ ಕಂಡರೆ ಅದು ಕಾಯಿದೆ ಸಡಿಲವೆಂಬುದಕ್ಕೆ ಸಾಕ್ಷಿಯೇ ಹೊರತು ಸರಿಯೆಂಬುದಕ್ಕಲ್ಲ.

ಅಲ್ಲಿಂದ ನಾಗಮಂಗಲದ ಕಡೆಯ ಸೋದರಮಾವನ ಹಳ್ಳಿ. ಅಜ್ಜಿಯ ತವರೂ ಅದೇ ತಾಲ್ಲೂಕು. ಮಾವನಿಗೆ ಹಳ್ಳಿಕಾರ್ ದನವೆಂದರೆ ಪ್ರಾಣ. “ಒಂದು ಕರು ಕೊಡ್ತೀನಿ, ಅದಕ್ಕಿಂತ ಸೊಗಸಾದ ಪ್ರಾಣಿ ಯಾವ್ದೈತೆ?” ಎಂದ. ಬೂದುಬಣ್ಣದ ಆ ಕರುವಿನ ಕಣ್ಣನ್ನು ನೋಡಿದರೆ ಒಲ್ಲೆನೆನ್ನಲು ಮನಸ್ಸು ಬಾರದು. ಆಸ್ಟ್ರಿಯ, ಸ್ವಿಟ್ಜರ್ಲೆಂಡ್, ಜರ್ಮನಿಗಳ ಬೆಟ್ಟದ ಸೀಮೆಯಲ್ಲಿ ಕೊಟ್ಟಿಗೆಯ ನಡುವೆ ಬೆಳೆದ ರೈತರ ಮಕ್ಕಳಿಗೆ ಅಲರ್ಜಿ ಕಡಿಮೆಯೆಂದು ಸಂಶೋಧನೆಗಳು ಹೇಳಿರುವುದೂ ನಿಜ. ಆದರೆ ಅದು ಹುಟ್ಟಿದಾಗಿನಿಂದ ಆದ ಅಭ್ಯಾಸದ ಫಲ, ಆಗಲೇ ಉಬ್ಬಸ ಬಂದವರಿಗೆ ಕೊಟ್ಟಿಗೆ ಔಷಧವಲ್ಲ. ಹಸುವಿನ ಚರ್ಮದ ಹೊಟ್ಟಿನಿಂದಲೂ ಉಬ್ಬಸ ಬರುವುದುಂಟು. ಅಲ್ಲದೆ ತಂಗಿಗೆ ಬೇಕಾಗಿದ್ದುದು ಹಗಲೂ ರಾತ್ರಿಯೂ ಮನೆಯೊಳಗಿನ ಜೊತೆ, ಕರು ಕೊಟ್ಟಿಗೆಯದು. ಮಾವನ ಮಗ ಇನ್ನೊಂದು ಉಪಾಯ ಹೇಳಿದ. ಬೆನ್ನಿನ ಮೇಲೆ ನಕ್ಷತ್ರದ ಗುರುತಿರುವ ಆಮೆ ತಂದುಕೊಡುವವರಿದ್ದಾರಂತೆ. ಕೂದಲಿಲ್ಲ, ಪುಕ್ಕವಿಲ್ಲ, ಸದ್ದಿಲ್ಲ! ಆದರೆ ನಕ್ಷತ್ರ ಆಮೆಗಳನ್ನು ಕದ್ದು ಸಾಗಿಸುವ ದಂಧೆಯಿಂದ ಅವುಗಳ ಸಂತತಿಯೇ ಕುಗ್ಗಿದೆ. 2019ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವು ಅದರ ವ್ಯಾಪಾರವನ್ನು ನಿಷೇಧಿಸಿತು. 2022ರಲ್ಲಿ ತಿದ್ದುಪಡಿಯಾದ ನಮ್ಮ ಕಾಯಿದೆಯಲ್ಲಿ ಅದು ಹುಲಿ, ಆನೆಗಳ ಸಾಲಿನಲ್ಲಿದೆ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲ ಎಂಬ ಭೇದಿ ತರುವ ರೋಗಾಣು ಇರುವುದರಿಂದ ಅಮೆರಿಕದಲ್ಲಿ 1975ರಲ್ಲಿಯೇ ಸಣ್ಣ ಆಮೆಗಳ ಮಾರಾಟವನ್ನು ತಡೆದರು. ಆದಿಚುಂಚನಗಿರಿಯ ನವಿಲುಧಾಮವಿರುವುದು ಅದೇ ತಾಲ್ಲೂಕಿನಲ್ಲಿ, ತೋಳಕ್ಕೆ ಹೆಸರಾದ ಮೇಲುಕೋಟೆಯ ಅಭಯಾರಣ್ಯ ಪಕ್ಕದ ಪಾಂಡವಪುರ ತಾಲ್ಲೂಕಿನಲ್ಲಿ. ಕಾಡಿನ ಜೀವಕ್ಕೆ ಇಷ್ಟು ಜಾಗ ಬಿಟ್ಟುಕೊಟ್ಟ ಸೀಮೆಯವರು ಅಲ್ಲಿಂದ ಒಂದನ್ನು ಕದ್ದು ಮನೆಗೆ ತರುವುದು ಯಾವ ನ್ಯಾಯ?

ಹೀಗೆ ಬರಿಗೈಯಲ್ಲಿ ತಿರುಗುತ್ತಿದ್ದಾಗ ನಮ್ಮ ಇತಿಹಾಸದ ಅಧ್ಯಾಪಕರೊಬ್ಬರು, “ಏನಯ್ಯ, ಆಂಗ್ಲೋ-ಮೈಸೂರು ಯುದ್ಧ ಬಿಟ್ಟು ಬೆಕ್ಕು ನಾಯಿಗಳ ಪುಸ್ತಕ ಓದುತ್ತಿದ್ದೀಯೆ?” ಎಂದರು. ವಿಷಯ ಹೇಳಿದೆ. ನಕ್ಕು, ಭಾನುವಾರ ಶ್ರೀರಂಗಪಟ್ಟಣದ ತಮ್ಮ ಮನೆಗೆ ಬರಲು ಹೇಳಿದರು. ಕೋಟೆಯೊಳಗಿನ ಆ ಹಳೆಯ ಮನೆಯ ಪಡಸಾಲೆಯಲ್ಲಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ. ಅದರೊಳಗೆ ಬಣ್ಣದ ಬಾಲದ ಸಣ್ಣ ಗಪ್ಪಿ ಮೀನುಗಳು. ಕಾವೇರಿಯ ದಂಡೆಯಲ್ಲಿ ಮೀನೆಂದರೆ ಸಾರು. ಮೀನನ್ನು ಮಗುವಿನಂತೆ ಸಾಕುವುದು ನಮ್ಮ ಹಳ್ಳಿಯ ಕಣ್ಣಿಗೆ ವಿಚಿತ್ರವೇ ಸರಿ. ಆದರೆ ಯೋಚಿಸಿದಷ್ಟೂ ಅದು ಸರಿಯೆನಿಸಿತು. ಮೀನಿಗೆ ಕೂದಲಿಲ್ಲ, ಪುಕ್ಕವಿಲ್ಲ, ಅದು ಮೈ ನೆಕ್ಕಿಕೊಳ್ಳುವುದಿಲ್ಲ. ಅದರ ಮೈಯಿಂದ ಕಳಚಿದ್ದೆಲ್ಲ ನೀರಿನಲ್ಲಿಯೇ ಉಳಿಯುತ್ತದೆ. ಒಣಗಿ ಗಾಳಿಗೆ ಏಳುವ ಅವಕಾಶವಿಲ್ಲ. ಮೀನು ತಿಂದರೆ ಅಲರ್ಜಿಯಾಗುವವರಿದ್ದಾರೆ. ಅದು ಮಾಂಸದಲ್ಲಿನ ಬೇರೊಂದು ಪ್ರೋಟೀನಿನಿಂದ. ಅಂಥವರು ತೊಟ್ಟಿಗೆ ಕೈ ಹಾಕುವ ಮೊದಲು ವೈದ್ಯರನ್ನು ಕೇಳಬೇಕು.

ಹಾಗೆಂದು ಮೀನಿನ ತೊಟ್ಟಿ ಪೂರ್ತಿ ನಿರಪಾಯವೆಂದು ತಿಳಿಯಬಾರದೆಂದು ಅಧ್ಯಾಪಕರೇ ಎಚ್ಚರಿಸಿದರು. ಪ್ರಾಣಿಯಷ್ಟೇ ಅಲ್ಲ, ಪ್ರಾಣಿಯ ಆಹಾರವೂ ಮನೆಗೆ ಬರುತ್ತದೆ. ಅಂಗಡಿಯಲ್ಲಿ ಮೀನಿಗೆಂದು ಒಣಗಿಸಿದ ಕೆಂಪು ಹುಳುಗಳನ್ನು ಮಾರುತ್ತಾರೆ. ಕಚ್ಚದ ಒಂದು ಬಗೆಯ ನುಸಿನೊಣದ ಮರಿಗಳು ಅವು. ಅವುಗಳ ಪುಡಿ ಉಸಿರಿನೊಡನೆ ಹೋಗಿ ಮೀನು ಸಾಕುವವರಲ್ಲಿಯೇ ಉಬ್ಬಸ ತಂದ ಉದಾಹರಣೆಗಳು ವೈದ್ಯಗ್ರಂಥಗಳಲ್ಲಿವೆ. ಆದುದರಿಂದ ಪುಡಿಯಾಗದ ಸಣ್ಣ ಕಾಳಿನಂಥ ಆಹಾರವನ್ನೇ ತರಬೇಕು. ಎರಡನೆಯದು ತೇವ. ಮುಚ್ಚಳವಿಲ್ಲದ ತೊಟ್ಟಿಯನ್ನು ಮಲಗುವ ಕೋಣೆಯಲ್ಲಿಟ್ಟರೆ ಗೋಡೆಗೆ ಬೂಷ್ಟು ಬರುತ್ತದೆ, ನುಸಿಯೂ ಹೆಚ್ಚುತ್ತದೆ. ತೊಟ್ಟಿಗೆ ಮುಚ್ಚಳವಿರಬೇಕು, ಅದು ಗಾಳಿಯಾಡುವ ಪಡಸಾಲೆಯಲ್ಲಿರಬೇಕು, ಮುಟ್ಟಿದ ಮೇಲೆ ಕೈ ತೊಳೆಯಬೇಕು. ತಂಗಿಯನ್ನು ಎರಡು ಭಾನುವಾರ ಕರೆದುಕೊಂಡು ಹೋಗಿ ಆ ತೊಟ್ಟಿಯ ಪಕ್ಕದಲ್ಲಿ ಹೊತ್ತುಗಟ್ಟಲೆ ಕೂರಿಸಿದೆ. ಸೀನಲಿಲ್ಲ. ಯಾವ ಪ್ರಾಣಿಯನ್ನೇ ಆಗಲಿ ತರುವ ಮುನ್ನ ಹೀಗೆ ಪರೀಕ್ಷಿಸುವುದು ಒಳ್ಳೆಯದು. ತಂದು ಹಿಂದಕ್ಕೆ ಕಳಿಸುವುದು ಮಗುವಿಗೂ ಪ್ರಾಣಿಗೂ ಮಾಡುವ ಮೋಸ. ಅದನ್ನು ನಾವು ಒಮ್ಮೆ ಮಾಡಿದ್ದೆವು.

ಮೀನಿನ ಸುದ್ದಿ ಕೇಳಿ ಬಹುದಿನಗಳ ಮೇಲೆ ಅಜ್ಜಿ ಬಾಯಿ ಬಿಟ್ಟಳು. “ಗಾಜಿನ ಪೆಟ್ಗೆ ಯಾಕ್ಲಾ? ನನ್ ತೌರ್ ಮನೆ ತಾಮ್ರದ ಹಂಡೆ ಐತಲ್ಲ” ಎಂದು ಅಟ್ಟದಿಂದ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡಿದಳು. ನಾಗಮಂಗಲ ಹಿಂದಿನಿಂದಲೂ ಲೋಹದ ಕೆಲಸಕ್ಕೆ ಹೆಸರಾದ ಊರು. ಆ ಹಂಡೆಯ ಮೇಲೆ ಅವಳಿಗೆ ಎಷ್ಟು ಅಭಿಮಾನವೆಂದು ನಮಗೆಲ್ಲ ಗೊತ್ತು. ಆದರೆ ತಾಮ್ರದ ಅಂಶ ನೀರಿನಲ್ಲಿ ಕರಗಿದರೆ ಮೀನಿನ ಕಿವಿರು ಕೆಟ್ಟು ಅದು ಸಾಯುತ್ತದೆ. ಹಿತ್ತಾಳೆಯಲ್ಲಿಯೂ ತಾಮ್ರವಿದೆ. ಮನುಷ್ಯನಿಗೆ ಒಗ್ಗಿದ್ದು ಮೀನಿಗೆ ಒಗ್ಗಬೇಕೆಂದಿಲ್ಲ! ಇದನ್ನು ತಿಳಿಸಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಕ್ಕೂ ಒಗ್ಗಲ್ವಾ? ಸರಿ ಬುಡು” ಎಂದಳು. ತಂಗಿಯ ಕಾಯಿಲೆ ಅವಳಿಗೆ ಅರ್ಥವಾದದ್ದು ಅಂದೇ ಎಂದು ನನ್ನ ನಂಬಿಕೆ.

ಗಾಜಿನ ತೊಟ್ಟಿ ಬಂದಿತು. ಇಲ್ಲಿ ನನ್ನ ಇನ್ನೊಂದು ತಪ್ಪನ್ನು ಹೇಳಿಕೊಳ್ಳಬೇಕು. ಮೀನಿನ ಮಲಮೂತ್ರಗಳಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ. ಅದು ವಿಷ. ತೊಟ್ಟಿಯ ಮರಳು ಕಲ್ಲುಗಳ ಮೇಲೆ ಬೆಳೆಯುವ ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿಯೂ ಇನ್ನೊಂದು ಬಗೆಯವು ಅದನ್ನು ಅಷ್ಟು ವಿಷವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಸೂಕ್ಷ್ಮಾಣುಗಳು ನೆಲೆಯೂರಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಮೀನು ಕಡಿಮೆಯಿರಬೇಕು, ಆಹಾರವೂ ಚಿಟಿಕೆಯಷ್ಟೇ ಇರಬೇಕು. ನಾನು ಉತ್ಸಾಹದಿಂದ ಮೊದಲ ದಿನವೇ ಹನ್ನೆರಡು ಮೀನು ಬಿಟ್ಟೆ. ತಂಗಿ ಪ್ರೀತಿಯಿಂದ ಹಿಡಿಹಿಡಿ ಕಾಳು ಹಾಕಿದಳು. ವಾರದೊಳಗೆ ಎಂಟು ಸತ್ತವು. “ಇದೂ ನನ್ನಿಂದ್ಲೇ” ಎಂದು ಅವಳು ಅತ್ತಾಗ, ಪುಸ್ತಕ ತೆರೆದು ತಪ್ಪು ನನ್ನದೆಂದು ತೋರಿಸಿದೆ. ಅನಂತರ ನಿಯಮ ಮಾಡಿಕೊಂಡೆವು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸುವುದು. ನಲ್ಲಿಯ ನೀರಾದರೆ ಕ್ಲೋರಿನ್ ಹಾರಿಹೋಗಲು ಒಂದು ದಿನ ತೆರೆದ ಬಕೆಟ್ಟಿನಲ್ಲಿಡುವುದು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಉಳಿದ ನಾಲ್ಕು ಬದುಕಿದವು, ಮರಿಹಾಕಿದವು. ಹೌದು, ಗಪ್ಪಿ ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹೆರುತ್ತದೆ. ಗಿಡದ ಮರೆಯಿಲ್ಲದಿದ್ದರೆ ತನ್ನ ಮರಿಯನ್ನೇ ತಿಂದೂ ಬಿಡುತ್ತದೆ. ಈ ವಿಷಯದಲ್ಲಿ ಅಜ್ಜಿಗೆ ಅದರ ಮೇಲೆ ಇಂದಿಗೂ ಕೋಪ.

ಗಪ್ಪಿಯಿಂದ ಒಂದು ಉಪಕಾರವೂ ಇದೆ. ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಟ್ರಿನಿಡಾಡ್ ದ್ವೀಪ ಇದರ ಮೂಲ. ಇದನ್ನು ನಮ್ಮ ದೇಶಕ್ಕೆ ತಂದದ್ದು ಮುಖ್ಯವಾಗಿ ಸೊಳ್ಳೆಯ ಮರಿಗಳನ್ನು ತಿನ್ನಿಸಲು. ಕೀಟನಾಶಕ ಸಿಂಪಡಿಸಿದರೆ ರೇಷ್ಮೆಹುಳು ಸಾಯುತ್ತದೆ. ಹುಳು ಮೇಯಿಸುವ ಮನೆಯವರು ಅದಕ್ಕೆ ಒಪ್ಪುವುದಿಲ್ಲ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮಲೇರಿಯ ತಡೆಯಲು 1990ರ ದಶಕದಲ್ಲಿ ಬಾವಿಗಳಿಗೆ ಇಂಥ ಮೀನುಗಳನ್ನು ಬಿಟ್ಟು ಪ್ರಯೋಗ ಮಾಡಿದರು. ಸೊಳ್ಳೆಬತ್ತಿಯ ಹೊಗೆ ಒಗ್ಗದ ತಂಗಿಗೂ ಈ ಮೀನು ಮಿತ್ರನೇ. ಹಿತ್ತಿಲ ಸಿಮೆಂಟು ತೊಟ್ಟಿಯಲ್ಲಿ ನಾಲ್ಕು ಬಿಟ್ಟೆವು, ಅಲ್ಲಿ ಸೊಳ್ಳೆಮರಿ ಕಾಣ ಸಿಗುವುದಿಲ್ಲ. ಆದರೆ ಮರಿ ಹೆಚ್ಚಾಯಿತೆಂದು ಕೆರೆಗೋ ಹೊಳೆಗೋ ಸುರಿಯುವುದು ಮಾತ್ರ ದೊಡ್ಡ ತಪ್ಪು. ಹೊರದೇಶದ ಮೀನು ಬೇಗ ಹಬ್ಬಿ ಅಲ್ಲಿನ ಮೀನುಗಳ ಅನ್ನವನ್ನೂ ಮೊಟ್ಟೆಯನ್ನೂ ತಿನ್ನುತ್ತದೆ. ಅಧ್ಯಾಪಕರ ಮನೆಯಿಂದ ನಾಲ್ಕು ಮೈಲಿಯೊಳಗೆ ರಂಗನತಿಟ್ಟು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಗಿ, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಸ್ಥಳ. ಆ ಹಕ್ಕಿಗಳ ಊಟ ಕಾವೇರಿಯ ಮೀನು. ಹೊಳೆಯ ಮನೆಗೂ ಒಗ್ಗುವುದು, ಒಗ್ಗದ್ದು ಇದೆ.

ಇಷ್ಟೆಲ್ಲ ಸುತ್ತಿ ನಾನು ಕಲಿತದ್ದನ್ನು ಮೂರು ಪ್ರಶ್ನೆಗಳಲ್ಲಿ ಹೇಳಬಹುದು. ಒಂದನೆಯದು, ಮನೆಯವರಿಗೆ ಒಗ್ಗದ್ದು ಯಾವುದೆಂದು ವೈದ್ಯರ ಪರೀಕ್ಷೆಯಿಂದ ತಿಳಿದಿದೆಯೆ? ಎರಡನೆಯದು, ಈ ಪ್ರಾಣಿ, ಅದರ ಆಹಾರ, ಅದರ ಹಾಸು, ಇವು ನಮ್ಮ ಮನೆಯ ಗಾಳಿಗೆ ಏನನ್ನು ಬಿಡುತ್ತವೆ? ಮೂರನೆಯದನ್ನು ಯಾರೂ ಕೇಳುವುದಿಲ್ಲ. ಪ್ರಾಣಿ ನಮಗೆ ಒಗ್ಗುತ್ತದೆಯೆ ಎಂದು ನೋಡುತ್ತೇವೆ, ನಮ್ಮ ಮನೆ ಪ್ರಾಣಿಗೆ ಒಗ್ಗುತ್ತದೆಯೆ? ಕಾಡಿನ ಆಮೆಗೆ, ಆಕಾಶದ ಗಿಳಿಗೆ, ತಾಮ್ರದ ಹಂಡೆಯ ಮೀನಿಗೆ ನಮ್ಮ ಮನೆಯೇ ಅಲರ್ಜಿ. ಈ ಮೂರಕ್ಕೂ ಸಮಾಧಾನದ ಉತ್ತರ ಸಿಗದಿದ್ದರೆ ಪ್ರಾಣಿ ಸಾಕದಿರುವುದೂ ಒಂದು ಪ್ರೀತಿಯೇ.

ಮೀನಿನಿಂದ ತಂಗಿಯ ಉಬ್ಬಸ ವಾಸಿಯಾಯಿತೆಂದು ನಾನು ಹೇಳುತ್ತಿಲ್ಲ. ಅವಳು ಈಗಲೂ ವೈದ್ಯರು ಹೇಳಿದಂತೆ ಔಷಧವನ್ನು ಉಸಿರಿನೊಡನೆ ಎಳೆದುಕೊಳ್ಳುತ್ತಾಳೆ. ಆಲೆಮನೆಯ ಕಾಲದಲ್ಲಿ ಎಚ್ಚರವಾಗಿರುತ್ತಾಳೆ. ಆದರೆ ಆ ಎರಡು ಗಂಟೆಯ ರಾತ್ರಿ ಮತ್ತೆ ಬಂದಿಲ್ಲ. ನೆರೆಯವರು ಬಂದಾಗಲೆಲ್ಲ “ಸಾರು ಯಾವತ್ತು?” ಎಂದು ತಮಾಷೆ ಮಾಡುತ್ತಾರೆ. ಅಜ್ಜಿ ಅವರನ್ನು ಗದರುತ್ತಾಳೆ. ಸಂಜೆ ಅಜ್ಜಿ ಮೊಮ್ಮಗಳು ಇಬ್ಬರೂ ತೊಟ್ಟಿಯ ಮುಂದೆ ಕುಳಿತು ಮರಿ ಎಣಿಸುತ್ತಾರೆ. ಲೆಕ್ಕ ಒಂದು ದಿನವೂ ಸರಿಹೋಗಿಲ್ಲ. ಕಳೆದ ತಿಂಗಳು ಪಾಂಡವಪುರಕ್ಕೆ ಹೋಗಿದ್ದಾಗ ತಂಗಿ ಅತ್ತೆಯ ಮನೆಯೊಳಗೆ ಹೋಗದೆ ಹೊರಗಿನ ಜಗಲಿಯಲ್ಲಿ ಕುಳಿತಳು. ಎದುರು ಗೋಡೆಯ ಮೇಲೆ ಕೆಂಚಿ ಬಿಸಿಲು ಕಾಯಿಸುತ್ತ ಮಲಗಿತ್ತು. ಇವಳು ಕರೆದಳು. ಅದು ಒಂದು ಕಣ್ಣು ತೆರೆದು ನೋಡಿ, ಮತ್ತೆ ಮುಚ್ಚಿಕೊಂಡಿತು. “ದಪ್ಪ ಆಗೈತೆ ಅಣ್ಣ” ಎಂದು ಸಂತೋಷದಿಂದ ಹೇಳಿದಳು. ಬಸ್ಸಿನಲ್ಲಿ ಬರುವಾಗ ಒಂದು ಸಲವೂ ಸೀನಲಿಲ್ಲ.